ರಾಜನ ಮಗ ಹೌದೋ ಅಲ್ಲವೋ: ಓದುಗರೊಬ್ಬರ ಪ್ರಶ್ನೆಗೆ ಸಂಪಾದಕರ ಉತ್ತರ

"ನಾರ್ವೆಯಲ್ಲಿ 1130ರಿಂದ 1240ರವರೆಗೆ ಸಿಂಹಾಸನಕ್ಕಾಗಿ ಹೊಡೆದಾಟ ನಡೆಯಿತೆಂದು ಓದಿದೆ. ಒಮ್ಮೊಮ್ಮೆ ಇಬ್ಬರು ಮೂವರು ರಾಜರು ಒಟ್ಟಿಗೇ ಇದ್ದರಂತೆ. ಪಟ್ಟ ಯಾರಿಗೆಂಬ ನಿಯಮವೇ ಅವರಲ್ಲಿ ಇರಲಿಲ್ಲವೇ?" ಎಂದು ಹಾಸನದಿಂದ ಓದುಗರೊಬ್ಬರು ಬರೆದಿದ್ದಾರೆ.

ನಿಯಮ ಇತ್ತು ಸ್ವಾಮಿ. ರಾಜನ ಗಂಡುಮಕ್ಕಳೆಲ್ಲರಿಗೂ ಸಮಾನ ಹಕ್ಕು. ತಾಯಿ ಮದುವೆಯಾದವಳೇ ಆಗಿರಬೇಕೆಂದಿರಲಿಲ್ಲ. ಥಿಂಗ್ ಎಂಬ ಜನಸಭೆ ಒಪ್ಪಿದರೆ ಅವನು ರಾಜ. ಒಟ್ಟಿಗೆ ಆಳಿದರೆ ಜಗಳ ಖಂಡಿತ ಎನ್ನುವಂತೆಯೂ ಇಲ್ಲ. 1103ರಲ್ಲಿ ಬರಿಗಾಲ ಮಾಗ್ನುಸ್ ಸತ್ತಾಗ ಬೇರೆ ಬೇರೆ ತಾಯಂದಿರ ಮೂವರು ಮಕ್ಕಳು ರಾಜರಾದರು. ಅವರಲ್ಲೊಬ್ಬನಾದ ಸಿಗುರ್ಡ್ ಹಡಗುಗಳೊಂದಿಗೆ ಜೆರುಸಲೇಮಿಗೆ ಹೋಗಿ ವರ್ಷಗಟ್ಟಲೆ ಕಳೆದು 1111ರಲ್ಲಿ ಮರಳಿದಾಗಲೂ ಅವನ ಪಾಲು ಅವನಿಗೇ ಇತ್ತು. ಅಲ್ಲಿಯವರೆಗೆ ಮನೆಯಲ್ಲಿದ್ದ ಅಣ್ಣ ಐಸ್ಟೈನ್ ರಾಜ್ಯ ನೋಡಿಕೊಂಡಿದ್ದ.

ತೊಡಕು ಬೇರೆಡೆ ಇತ್ತು: ಇವನು ರಾಜನ ಮಗನೇ ಎಂದು ತಿಳಿಯುವುದು ಹೇಗೆ? ಸಿಗುರ್ಡನ ಕೊನೆಗಾಲದಲ್ಲಿ ಐರ್ಲೆಂಡಿನಿಂದ ಹರಾಲ್ಡ್ ಗಿಲ್ಲೆ ಎಂಬಾತ ಬಂದು, ತಾನೂ ಮಾಗ್ನುಸನ ಮಗ ಎಂದ. ಆಗ ಅಗ್ನಿದಿವ್ಯ ಏರ್ಪಾಡಾಯಿತು. ಸಾಗಾ ಕಥನಗಳ ಪ್ರಕಾರ, ಕಾಯಿಸಿ ಕೆಂಪಗಾದ ಒಂಬತ್ತು ನೇಗಿಲ ಗುಳಗಳ ಮೇಲೆ ಅವನು ಬರಿಗಾಲಲ್ಲಿ ನಡೆದ, ಬಿಷಪ್ಪರಿಬ್ಬರು ಕೈಹಿಡಿದಿದ್ದರು. ಮೂರು ದಿನ ಬಿಟ್ಟು ನೋಡಿದರೆ ಪಾದ ಸುಟ್ಟಿರಲಿಲ್ಲ. ಸಿಗುರ್ಡ್ ತಮ್ಮನೆಂದು ಒಪ್ಪಿದ. ಆದರೆ ತಾನೂ ತನ್ನ ಮಗನೂ ಬದುಕಿರುವವರೆಗೆ ಪಟ್ಟ ಕೇಳಕೂಡದೆಂದು ಮೊದಲೇ ಪ್ರಮಾಣ ಮಾಡಿಸಿಕೊಂಡಿದ್ದ.

1130ರಲ್ಲಿ ಸಿಗುರ್ಡ್ ಸತ್ತ. ಹರಾಲ್ಡ್ ಮಾತು ಮುರಿದ. 1135ರಲ್ಲಿ ಸಿಗುರ್ಡನ ಮಗ ಮಾಗ್ನುಸನನ್ನು ಬರ್ಗನ್ನಿನಲ್ಲಿ ಹಿಡಿದು ಕಣ್ಣು ಕೀಳಿಸಿದರು, ಒಂದು ಪಾದವನ್ನೂ ಕಡಿದರು. ಮರುವರ್ಷ, ತಾನೂ ಬರಿಗಾಲ ಮಾಗ್ನುಸನ ಮಗನೆಂದು ಹೇಳಿಕೊಂಡ ಇನ್ನೊಬ್ಬನ ಕೈಯಲ್ಲಿ ಹರಾಲ್ಡನೇ ಕೊಲೆಯಾದ. ಬಾಗಿಲು ತೆರೆದದ್ದೇ ಅಲ್ಲಿ. ಮುಂದೆ ಯಾವ ಬಣಕ್ಕೆ ನಾಯಕ ಬೇಕಾದರೂ ಒಬ್ಬ ರಾಜಪುತ್ರ ಸಿಗುತ್ತಿದ್ದ. ಫಾರೋ ದ್ವೀಪಗಳಿಂದ ಬಂದ ಸ್ವೆರ್ರೆ ಹಾಗೆಯೇ ಹಕ್ಕು ಸಾಧಿಸಿ, ಚರ್ಚು ಕಿರೀಟ ತೊಡಿಸಿದ್ದ ಮಾಗ್ನುಸ್ ಎರ್ಲಿಂಗ್ಸನ್‌ನನ್ನು 1184ರಲ್ಲಿ ಸೋಲಿಸಿ ಕೊಂದ.

ಈ ಇಡೀ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ವಾರ್ತೈಗಿನ ಇಂಗಾಳ ಬಳಿ. ಅವಳ ಮಗ, ಸ್ವೆರ್ರೆಯ ಮೊಮ್ಮಗ ಹಾಕನ್ ಹುಟ್ಟಿದ್ದು 1204ರಲ್ಲಿ, ತಂದೆ ಸತ್ತ ಮೇಲೆ. 1217ರಲ್ಲಿ ಅವನನ್ನು ರಾಜನೆಂದು ಒಪ್ಪಿದರೂ ಸಂಶಯ ಹೋಗಲಿಲ್ಲ. ಮರುವರ್ಷ ಬರ್ಗನ್ನಿನಲ್ಲಿ ಆ ತಾಯಿ ಕಾದ ಕಬ್ಬಿಣ ಹಿಡಿದು ಮಗನ ಹುಟ್ಟನ್ನು ಸಾಬೀತುಪಡಿಸಿದಳು. ರಾಜರ ಜಗಳಕ್ಕೆ ಹೆಣ್ಣೊಬ್ಬಳ ಅಂಗೈ ಸಾಕ್ಷಿಯಾಗಬೇಕಾಗಿ ಬಂದದ್ದು ಘೋರವೇ ಸರಿ. 1247ರಲ್ಲಿ ಹಾಕನ್‌ಗೆ ಕಿರೀಟ ತೊಡಿಸಲು ಬಂದ ಪೋಪ್ ಪ್ರತಿನಿಧಿ, ಸಬೀನಾದ ವಿಲಿಯಂ, ಅದೇ ಭೇಟಿಯಲ್ಲಿ ಈ ದಿವ್ಯವನ್ನೇ ನಿಷೇಧಿಸಿದರು.

ನೀವು ನಿರೀಕ್ಷಿಸುವ ನಿಯಮ ಬಂದದ್ದು 1260ರಲ್ಲಿ: ಮದುವೆಯಿಂದ ಹುಟ್ಟಿದ ಹಿರಿಯ ಮಗನೊಬ್ಬನಿಗೇ ಪಟ್ಟ. 1319ರಲ್ಲಿ ಐದನೆಯ ಹಾಕನ್ ಗಂಡುಮಕ್ಕಳಿಲ್ಲದೆ ಸತ್ತಾಗ, ಮಗಳ ಮಗ, ಮೂರು ವರ್ಷದ ಮಾಗ್ನುಸ್ ಯುದ್ಧವಿಲ್ಲದೆ ರಾಜನಾದ.