ನೆಲ್ಲಿಕಾಯಿ ರಸದಲ್ಲಿ ಸೆನ್ಸರ್ ಪಟ್ಟಿಯ ಅಂಕಿ ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ಚಿಂಚವಡದಲ್ಲಿ ನಮ್ಮದು ನೆಲ್ಲಿಕಾಯಿ ರಸ, ಕೋಕಂ ಶರಬತ್ತು ಮಾಡುವ ಸಣ್ಣ ಘಟಕ. ವಿಟಮಿನ್ ಸಿ ಅಳೆಯಲು ತೆಳು ಕಾರ್ಬನ್ ಪದರದ ಸೆನ್ಸರ್ ಪಟ್ಟಿ ತರಿಸಿದ್ದೇವೆ. ಒಂದೇ ಬಾಟಲಿಯ ನೆಲ್ಲಿಕಾಯಿ ರಸಕ್ಕೆ ಮೊದಲು 520, ಮೂರನೇ ಸಲ 430 ಬರುತ್ತದೆ (100 ಮಿಲಿಗೆ ಮಿಲಿಗ್ರಾಂ). ಲ್ಯಾಬಿನವರ ಟೈಟ್ರೇಶನ್‌ನಲ್ಲಿ (ಬಣ್ಣ ಬದಲಾಗುವವರೆಗೆ ದ್ರಾವಣ ಹನಿಸಿ ಅಳೆಯುವ ವಿಧಾನ) 410. ಯಾವುದನ್ನು ನಂಬಬೇಕು?

ಉತ್ತರ: ಸದ್ಯಕ್ಕೆ ಪಟ್ಟಿಯ ಎರಡೂ ಅಂಕಿಗಳನ್ನು ಬದಿಗಿಡಿ. ಪಟ್ಟಿಗೆ ವಿಟಮಿನ್ ಸಿಯ ಗುರುತಿಲ್ಲ. ಕೊಟ್ಟ ವೋಲ್ಟೇಜಿಗೆ ಎಲೆಕ್ಟ್ರಾನ್ ಬಿಟ್ಟುಕೊಡುವ ಎಲ್ಲವನ್ನೂ ಅದು ಎಣಿಸುತ್ತದೆ. ನೆಲ್ಲಿಕಾಯಿಯ ಗ್ಯಾಲಿಕ್ ಆಮ್ಲ, ಟ್ಯಾನಿನ್‌ಗಳೂ ಆ 520ರಲ್ಲಿ ಸೇರಿರುತ್ತವೆ.

ಅಂಕಿ ಇಳಿಯುವುದು ಬೇರೆ ಕಥೆ. ಇಳಿದ ಕೂಡಲೇ ಅದೇ ಲೋಟಕ್ಕೆ ಹೊಸ ಪಟ್ಟಿ ಅದ್ದಿ ನೋಡಿ. ಅಂಕಿ ಮತ್ತೆ ಏರಿದರೆ ಹಳೆಯ ಪಟ್ಟಿಯ ಮೇಲೆ ತಿರುಳು, ಟ್ಯಾನಿನ್ ಕೂತಿದೆ. ಏರದಿದ್ದರೆ ಕೆಟ್ಟಿರುವುದು ಪಟ್ಟಿಯಲ್ಲ, ರಸ: ಗಾಳಿಯ ಆಮ್ಲಜನಕಕ್ಕೆ ವಿಟಮಿನ್ ನಾಶವಾಗುತ್ತಾ ಹೋಗಿದೆ. ನಲ್ಲಿ ನೀರಿನಲ್ಲಿ ತೆಳು ಮಾಡಿದ್ದರೆ ಅದರಲ್ಲಿನ ಚೂರುಪಾರು ತಾಮ್ರವೇ ಇದಕ್ಕೆ ಸಾಕು. ಹಾಗಾಗಿ ಡಿಅಯೊನೈಸ್ಡ್ (ಲವಣ, ಲೋಹ ತೆಗೆದ) ನೀರಿನಲ್ಲಿ 0.1 ಮೋಲಾರ್ (ಮೋಲಾರ್ ಎಂದರೆ ಸಾಂದ್ರತೆಯ ಅಳತೆ) ಫಾಸ್ಫೇಟ್ ಬಫರ್ ಮಾಡಿ, ಅಂದರೆ ಹುಳಿಯ ಮಟ್ಟವನ್ನು ಪಿಎಚ್ 6ರಲ್ಲೇ ಹಿಡಿದಿಡುವ ದ್ರಾವಣ; ಅದಕ್ಕೆ ತಾಮ್ರವನ್ನು ಕಟ್ಟಿಹಾಕುವ ಇಡಿಟಿಎಯನ್ನು 0.5 ಮಿಲಿಮೋಲಾರ್ ಸೇರಿಸಿ.

ರಸ ಸೋಸಿ, ಈ ಬಫರಿನಲ್ಲಿ 100 ಪಟ್ಟು ತೆಳು ಮಾಡಿ. 400 ಮಿಲಿಗ್ರಾಂ ಇರುವ ರಸವೆಂದರೆ ಸುಮಾರು 23 ಮಿಲಿಮೋಲಾರ್. ಅಷ್ಟು ಗಾಢ ರಸಕ್ಕೆ ಪಟ್ಟಿಯನ್ನು ನೇರವಾಗಿ ಅದ್ದಿದರೆ ಅಂಕಿಗೆ ಅರ್ಥವಿರುವುದಿಲ್ಲ. 176 ಮಿಲಿಗ್ರಾಂ ಶುದ್ಧ ಆಸ್ಕಾರ್ಬಿಕ್ ಆಮ್ಲವನ್ನು (ಅಂದರೆ ವಿಟಮಿನ್ ಸಿ) 100 ಮಿಲಿ ಬಫರಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ದ್ರಾವಣ. ಅಂದಿನದನ್ನು ಅಂದೇ ಬಳಸಿ. ತೆಳು ಮಾಡಿದ 10 ಮಿಲಿ ರಸಕ್ಕೆ ಇದರ 0.1 ಮಿಲಿ ಹಾಕಿದರೆ 0.1 ಮಿಲಿಮೋಲಾರ್ ಏರುತ್ತದೆ. ಆಗ ಕರೆಂಟು ಎಷ್ಟು ಹೆಚ್ಚಿತೋ ಅದೇ ಆ ರಸಕ್ಕೆ ಅಳತೆಗೋಲು. ಕಂಪನಿ ಕೊಟ್ಟ ಕ್ಯಾಲಿಬ್ರೇಶನ್‌ಗಿಂತ ನಮಗೆ ಇದರ ಮೇಲೆಯೇ ಭರವಸೆ.

ಟ್ಯಾನಿನ್ ಪಾಲು ಕಳೆಯಲು ತೆಳು ರಸವನ್ನು ಎರಡು ಲೋಟಕ್ಕೆ ಹಾಕಿ. ಒಂದನ್ನು ತಕ್ಷಣ ಅಳೆಯಿರಿ. ಇನ್ನೊಂದಕ್ಕೆ ವಿಟಮಿನ್ ಸಿಯನ್ನು ಇಲ್ಲವಾಗಿಸುವ ಆಸ್ಕಾರ್ಬೇಟ್ ಆಕ್ಸಿಡೇಸ್ ಕಿಣ್ವ ಹಾಕಿ, ಅಂಕಿ ಇಳಿಯುವುದು ನಿಂತ ಮೇಲೆ ಹೊಸ ಪಟ್ಟಿಯಲ್ಲಿ ನೋಡಿ; ಉಳಿದದ್ದು ವಿಟಮಿನ್ ಸಿ ಅಲ್ಲ, ಕಳೆದುಬಿಡಿ. ಕಿಣ್ವ ದುಬಾರಿ, ಹಣ್ಣಿನ ಹೊಸ ಲಾಟ್ ಬಂದಾಗೊಮ್ಮೆ ಮಾಡಿದರೆ ಸಾಕು.

ಲ್ಯಾಬಿನವರು ಮೆಟಾಫಾಸ್ಫಾರಿಕ್ ಆಮ್ಲದಲ್ಲಿ ತೆಗೆದ ಸಾರ ಕೊಟ್ಟರೆ ಇದೇ ಅಳತೆಗೋಲು ಹಿಡಿಯಬೇಡಿ. ಹುಳಿ ಹೆಚ್ಚಿದಷ್ಟೂ ಆಸ್ಕಾರ್ಬಿಕ್ ಆಮ್ಲ ಉತ್ಕರ್ಷಣಗೊಳ್ಳಲು (ಎಲೆಕ್ಟ್ರಾನ್ ಬಿಟ್ಟುಕೊಡಲು) ಹೆಚ್ಚು ವೋಲ್ಟೇಜು ಬೇಕು, ಹಾಗಾಗಿ ಅಂಕಿ ಕಮ್ಮಿ ಬರುತ್ತದೆ.

ಕೋಕಂಗೆ ಮಾತ್ರ ಪಟ್ಟಿಯೇ ಮೇಲು. ಟೈಟ್ರೇಶನ್‌ನ ಕೊನೆಯ ತಿಳಿಗುಲಾಬಿ ಆ ಕೆಂಪಿನಲ್ಲಿ ಕಾಣುವುದೇ ಇಲ್ಲ. ಆದರೆ ಈಗಾಗಲೇ ಡಿಹೈಡ್ರೋ (ಉತ್ಕರ್ಷಣಗೊಂಡ) ರೂಪಕ್ಕೆ ತಿರುಗಿದ ವಿಟಮಿನ್ ಪಟ್ಟಿ, ಟೈಟ್ರೇಶನ್ ಎರಡಕ್ಕೂ ಸಿಗದು. ಲೇಬಲ್ ಮೇಲೆ ಒಟ್ಟು ವಿಟಮಿನ್ ಸಿ ಬರೆಯುವುದಿದ್ದರೆ ಎಚ್‌ಪಿಎಲ್‌ಸಿ (ಘಟಕಗಳನ್ನು ಬೇರ್ಪಡಿಸಿ ಅಳೆಯುವ ಲ್ಯಾಬ್ ವಿಧಾನ) ಪರೀಕ್ಷೆ ಮಾಡಿಸಿ.