ಸ್ಮಾರ್ಟ್ ಕೀ ಕೈಕೊಟ್ಟಾಗ: ಒಂದೇ ಕವಚದೊಳಗಿನ ಮೂರು ಕೀಗಳು

ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದಿರುವ ಉತ್ತರಗಳನ್ನೂ ಓದಿದೆ. ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ನಿಮಗೆ ಒಂದೇ ಸ್ಮಾರ್ಟ್ ಕೀ (ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆದು ಇಂಜಿನ್ ಚಾಲೂ ಮಾಡಲು ಬಿಡುವ ಕೀ) ಸಿಕ್ಕಿದೆ. ಕೆಲವು ದಿನಗಳಿಂದ ‘ಕೀ ಪತ್ತೆಯಾಗಿಲ್ಲ’ ಎಂಬ ಸೂಚನೆ ಆಗಾಗ ಬರುತ್ತಿದೆ. ಎರಡನೆಯ ಕೀ ಮಾಡಿಸುವುದು ಅಗತ್ಯವೇ, ಕೀಯನ್ನು ಮುಟ್ಟದೆಯೇ ಕಾರು ಕದಿಯುತ್ತಾರೆ ಎನ್ನುವುದು ನಿಜವೇ ಎಂದು ಕೇಳಿದ್ದೀರಿ. ಇಡೀ ಕೀಯನ್ನೇ ಬದಲಾಯಿಸಿ ಎಂದು ಇಬ್ಬರು ಸಲಹೆ ಕೊಟ್ಟಿದ್ದಾರೆ. ಅಷ್ಟು ಅವಸರ ಬೇಡ. ನಿಮ್ಮ ಕೈಯಲ್ಲಿರುವುದು ಒಂದು ಕೀಯಂತೆ ಕಂಡರೂ ಆ ಪ್ಲಾಸ್ಟಿಕ್ ಕವಚದೊಳಗೆ ಮೂರು ಬೇರೆ ಬೇರೆ ಕೀಗಳಿವೆ, ಮತ್ತು ಅವುಗಳಲ್ಲಿ ಒಂದು ಕೆಟ್ಟರೆ ಉಳಿದೆರಡು ಕೆಡಬೇಕೆಂದೇನೂ ಇಲ್ಲ.

ಮೊದಲನೆಯದು ಲೋಹದ ಕೀ. ಕವಚದ ಪಕ್ಕದ ಸಣ್ಣ ಗುಂಡಿಯನ್ನು ಒತ್ತಿ ಎಳೆದರೆ ಅದು ಹೊರಬರುತ್ತದೆ, ಬಾಗಿಲನ್ನು ತೆರೆಯುತ್ತದೆ, ಅಷ್ಟೇ. ಚಾಲಕನ ಬಾಗಿಲಲ್ಲಿ ಬೀಗದ ರಂಧ್ರವೇ ಕಾಣುತ್ತಿಲ್ಲವಾದರೆ ಹಿಡಿಕೆಯ ತುದಿಯಲ್ಲಿರುವ ಮುಚ್ಚಳದ ಅಡಿಯಲ್ಲಿ ಹುಡುಕಿ.

ಎರಡನೆಯದು ಇಮ್ಮೊಬಿಲೈಸರ್ ಚಿಪ್. ಸರಿಯಾದ ಕೀ ಇಲ್ಲದೆ ಇಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆಯೇ ಇಮ್ಮೊಬಿಲೈಸರ್. ಕಾರಿನ ಕೀಗೆ ವಿದ್ಯುತ್ ಗುರುತನ್ನು ಸೇರಿಸುವ ಆಲೋಚನೆ ಹಳೆಯದು. ಜನರಲ್ ಮೋಟರ್ಸ್ 1986ರ ಕಾರ್ವೆಟ್ ಕಾರಿನ ಕೀಯಲ್ಲಿ ಒಂದು ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಪುಟ್ಟ ಭಾಗ) ಕೂರಿಸಿತ್ತು. ಆ ತಡೆಯ ಪ್ರಮಾಣ ತಾಳೆಯಾಗದಿದ್ದರೆ ಇಂಜಿನ್ ಚಾಲೂ ಆಗುತ್ತಿರಲಿಲ್ಲ. ಆದರೆ ಅಲ್ಲಿದ್ದದ್ದು 15 ಪ್ರಮಾಣಗಳು ಮಾತ್ರ, ತಾಳ್ಮೆಯಿರುವ ಕಳ್ಳನಿಗೆ ಅದು ದೊಡ್ಡ ಲೆಕ್ಕವಲ್ಲ. ಅದರ ಜಾಗಕ್ಕೆ ಬಂದ ಟ್ರಾನ್ಸ್‌ಪಾಂಡರ್ ಚಿಪ್‌ಗೆ ಸ್ವಂತ ಸೆಲ್ ಬೇಕಿಲ್ಲ. ಇಗ್ನಿಷನ್ ಬೀಗದ ಸುತ್ತಲಿನ ತಂತಿಯ ಸುರುಳಿ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ, ಚಿಪ್ ಅದರಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಹೇಳುತ್ತದೆ. ಯುರೋಪಿಯನ್ ಒಕ್ಕೂಟವು 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ ಮಾಡಿದ ಮೇಲೆ ಇದು ಎಲ್ಲೆಡೆ ಸಾಮಾನ್ಯವಾಯಿತು. ಬರಿಯ ಲೋಹದ ನಕಲಿ ಕೀಯಿಂದ ಬಾಗಿಲು ತೆರೆದರೂ ಇಂಜಿನ್ ಓಡದಿರುವುದಕ್ಕೆ, ಅಥವಾ ಒಂದೆರಡು ಕ್ಷಣ ಓಡಿ ನಿಂತುಹೋಗುವುದಕ್ಕೆ ಇದೇ ಕಾರಣ.

ಮೂರನೆಯದು ರೇಡಿಯೋ. ಸೆಲ್ ಬೇಕಾಗಿರುವುದು ಇದೊಂದಕ್ಕೇ. ಗುಂಡಿ ಒತ್ತಿದಾಗ ಕೀ ಸಾಮಾನ್ಯವಾಗಿ 315 ಅಥವಾ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಸಂಕೇತ ಕಳುಹಿಸುತ್ತದೆ, ಮತ್ತು ಆ ಸಂಕೇತ ಪ್ರತಿ ಸಲವೂ ಬದಲಾಗುತ್ತದೆ. ಕಾರು ಮುಂದಿನ ಹಲವು ಸಂಕೇತಗಳನ್ನು ಮೊದಲೇ ಲೆಕ್ಕ ಹಾಕಬಲ್ಲದು. ಆದ್ದರಿಂದ ಮಗು ಮನೆಯಲ್ಲಿ ಕೂತು ಗುಂಡಿಯನ್ನು ಹತ್ತಾರು ಸಲ ಒತ್ತಿದರೂ ಕೀ ನಿರುಪಯುಕ್ತವಾಗುವುದಿಲ್ಲ.

ಸ್ಮಾರ್ಟ್ ಕೀಯಲ್ಲಿ ಈ ರೇಡಿಯೋಗೆ ಇನ್ನೊಂದು ಕೆಲಸ ಸೇರುತ್ತದೆ. ನೀವು ಹಿಡಿಕೆಯನ್ನು ಮುಟ್ಟಿದಾಗ ಕಾರಿನ ಆಂಟೆನಾಗಳು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಒಂದು ಮೆಲ್ಲನೆಯ ಕರೆ ಕೊಡುತ್ತವೆ. ಅದು ಒಂದೆರಡು ಮೀಟರಿನಾಚೆ ಕೇಳಿಸದು. ಜೇಬಿನಲ್ಲಿರುವ ಕೀ ಎಚ್ಚೆತ್ತು, ಮೇಲೆ ಹೇಳಿದ ಹೆಚ್ಚಿನ ಆವರ್ತನದಲ್ಲಿ ಓಗೊಡುತ್ತದೆ. ಕಾರಿನ ಒಳಗಿನ ಆಂಟೆನಾಗಳು ಇದೇ ರೀತಿ ಕರೆದು, ಕೀ ಒಳಗಿದೆಯೇ ಹೊರಗಿದೆಯೇ ಎಂಬುದನ್ನು ನಿರ್ಧರಿಸುತ್ತವೆ. ಈ ಕರೆಗಾಗಿ ಕೀ ಹಗಲಿರುಳೂ ಕಿವಿ ತೆರೆದುಕೊಂಡೇ ಇರಬೇಕಾಗುತ್ತದೆ. ಸಾಮಾನ್ಯ ರಿಮೋಟ್‌ಗಿಂತ ಇದರ ಸೆಲ್ ಬೇಗ ಮುಗಿಯುವುದು ಅದಕ್ಕಾಗಿಯೇ.

ನಿಮ್ಮ ತೊಂದರೆಗೆ ನಾನು ಮೊದಲು ಅನುಮಾನಿಸುವುದು ಸೆಲ್ಲನ್ನೇ. ಗುಂಡಿ ಒತ್ತಿದಾಗ ಮೊದಲಿನಷ್ಟು ದೂರದಿಂದ ಬಾಗಿಲು ತೆರೆಯುತ್ತಿಲ್ಲ ಎಂದಾದರೆ ಅನುಮಾನ ಬಹುಮಟ್ಟಿಗೆ ನಿಜ. ಹಳೆಯ ಸೆಲ್ಲಿನ ಮೇಲಿರುವ ಸಂಖ್ಯೆಯನ್ನೇ ನೋಡಿ ಹೊಸದನ್ನು ತನ್ನಿ. ಸಿಆರ್ 2032 ಮತ್ತು ಸಿಆರ್ 2025 ಎರಡರ ವ್ಯಾಸವೂ 20 ಮಿಲಿಮೀಟರ್, ವೋಲ್ಟೇಜೂ 3. ಆದರೆ ಮೊದಲನೆಯದರ ದಪ್ಪ 3.2 ಮಿಲಿಮೀಟರ್, ಎರಡನೆಯದರದು 2.5. ತೆಳುವಾದದ್ದನ್ನು ಹಾಕಿದರೆ ಅದು ಒಳಗೆ ಸಡಿಲವಾಗಿ ಕೂತು, ಈಗಿನ ತೊಂದರೆಯನ್ನೇ ಇನ್ನಷ್ಟು ಗೊಂದಲಗೊಳಿಸುತ್ತದೆ. ಹಳೆಯ ಸೆಲ್ ಮಕ್ಕಳ ಕೈಗೆ ಸಿಗದಂತೆ ಕೂಡಲೇ ವಿಲೇವಾರಿ ಮಾಡಿ, ಏಕೆಂದರೆ ನುಂಗಿದ ಬಟನ್ ಸೆಲ್ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು.

ಸೆಲ್ ಪೂರ್ತಿ ಸತ್ತಿದ್ದರೂ ದಾರಿಯಲ್ಲಿ ಸಿಕ್ಕಿಬೀಳಬೇಕಾಗಿಲ್ಲ. ಲೋಹದ ಕೀಯಿಂದ ಬಾಗಿಲು ತೆರೆದು, ಬ್ರೇಕ್ ತುಳಿದು, ಮ್ಯಾನುಯಲ್ ಗೇರ್ ಆಗಿದ್ದರೆ ಕ್ಲಚ್ಚನ್ನೂ ತುಳಿದು, ಕೀಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಒತ್ತಿ. ಸೆಲ್ ಬೇಡದ ಆ ಚಿಪ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಲವು ಕಾರುಗಳಲ್ಲಿ ಹೀಗೆ ಹಿಡಿಯಬೇಕಾದ ಜಾಗ ಗುಂಡಿಯಲ್ಲ, ಲೋಟ ಇಡುವ ಗುಣಿಯ ತಳ ಅಥವಾ ಸ್ಟೀರಿಂಗ್ ಕಂಬದ ಪಕ್ಕ. ಕೈಪಿಡಿಯಲ್ಲಿ ಆ ಪುಟವನ್ನು ಇಂದೇ ನೋಡಿಟ್ಟುಕೊಳ್ಳಿ. ನನ್ನ ಕೀ ಒಮ್ಮೆ ಪ್ಯಾಂಟಿನ ಜೇಬಿನಲ್ಲಿದ್ದುಕೊಂಡೇ ಬಟ್ಟೆಗಳ ಜೊತೆ ವಾಷಿಂಗ್ ಮೆಷಿನ್ ಸೇರಿತ್ತು. ರೇಡಿಯೋ ಸತ್ತುಹೋಯಿತು, ಚಿಪ್ ಬದುಕಿತು. ಎರಡು ವಾರ ನಾನು ಹೀಗೆ ತಾಗಿಸಿಯೇ ಕಾರು ಓಡಿಸಿದೆ.

ಹೊಸ ಸೆಲ್ ಹಾಕಿದ ಮೇಲೂ ಅದೇ ಸೂಚನೆ ಬಂದರೆ ಎರಡು ವಿಷಯಗಳನ್ನು ಗಮನಿಸಿ. ಕೀಯನ್ನು ಫೋನಿನ ಜೊತೆ ಒಂದೇ ಜೇಬಿನಲ್ಲಿ ಇಡುತ್ತಿದ್ದೀರಾ, ಅಥವಾ ವೈರ್‌ಲೆಸ್ ಚಾರ್ಜರಿನ ಪಕ್ಕ ಇಡುತ್ತಿದ್ದೀರಾ? ಕಾರಿನ ಕರೆ ಎಷ್ಟು ದುರ್ಬಲವೆಂದರೆ ಅಂಥ ಉಪಕರಣಗಳ ಗದ್ದಲದಲ್ಲಿ ಅದು ಮುಳುಗಿಹೋಗಬಹುದು. ಎರಡನೆಯದಾಗಿ, ಕಾರಿನ 12 ವೋಲ್ಟ್ ಬ್ಯಾಟರಿಯನ್ನೇ ಪರೀಕ್ಷಿಸಿ. ಅದು ಬಳಲಿದ್ದಾಗ ಕಾರಿನ ಎಲೆಕ್ಟ್ರಾನಿಕ್ ಭಾಗಗಳು ಏನೇನೋ ದೂರು ಹೇಳುತ್ತವೆ, ಅವುಗಳಲ್ಲಿ ಕೀಯ ಮೇಲಿನ ದೂರೂ ಒಂದು.

ಇನ್ನು ಕಳ್ಳತನದ ಮಾತು. ಹೌದು, ಅದು ನಿಜ. ಕೀಯಿಂದ ಉತ್ತರ ಬಂದರೆ ಕೀ ಹತ್ತಿರದಲ್ಲೇ ಇದೆ ಎಂದು ಕಾರು ನಂಬುತ್ತದೆ. ದೌರ್ಬಲ್ಯವಿರುವುದು ಆ ನಂಬಿಕೆಯಲ್ಲೇ. ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯ ಗೋಡೆಯ ಬಳಿ ನಿಂತು, ಕಾರಿನ ಮೆಲ್ಲನೆಯ ಕರೆಯನ್ನು ಸಾಧನಗಳ ಮೂಲಕ ಮನೆಯೊಳಗಿನ ಕೀಗೆ ಮುಟ್ಟಿಸಿದರೆ ಕೀ ಪ್ರಾಮಾಣಿಕವಾಗಿ ಓಗೊಡುತ್ತದೆ, ಬಾಗಿಲು ತೆರೆಯುತ್ತದೆ. ಇಲ್ಲಿ ಯಾವ ಗುಪ್ತಲಿಪಿಯನ್ನೂ ಒಡೆಯುವುದಿಲ್ಲ, ಆದ್ದರಿಂದ ಬದಲಾಗುವ ಸಂಕೇತದಿಂದ ಏನೂ ಪ್ರಯೋಜನವಿಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 8 ತಯಾರಕರ 10 ಮಾದರಿಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು. ಒಮ್ಮೆ ಚಾಲೂ ಆದ ಇಂಜಿನ್, ಕೀ ದೂರವಾಯಿತೆಂದು ಸುರಕ್ಷತೆಯ ಕಾರಣಕ್ಕೆ ತಾನಾಗಿ ನಿಲ್ಲುವುದಿಲ್ಲ ಎಂಬುದು ಕಳ್ಳರಿಗೆ ಇನ್ನೊಂದು ಅನುಕೂಲ. (ಇದೇ ಕಾರಣಕ್ಕೆ, ಜೇಬಿನಲ್ಲಿ ಕೀ ಇದೆ ಎಂದುಕೊಂಡು ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಆರಿಸಲು ಮರೆತು ಹೋಗುವುದು ಪ್ರಾಣಾಪಾಯ, ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ.)

ಪರಿಹಾರಗಳಲ್ಲಿ ನಾನು ಮೊದಲು ಹೇಳುವುದು ಖರ್ಚಿಲ್ಲದ್ದನ್ನು: ಕಾರಿನ ಸೆಟ್ಟಿಂಗ್‌ನಲ್ಲಿ ಕೀಲೆಸ್ ಪ್ರವೇಶವನ್ನು (ಕೀ ಜೇಬಿನಲ್ಲಿದ್ದಂತೆಯೇ ಬಾಗಿಲು ತೆರೆಯುವ ಸೌಲಭ್ಯವನ್ನು) ನಿಲ್ಲಿಸುವ ಅವಕಾಶವಿದ್ದರೆ ರಾತ್ರಿ ನಿಲ್ಲಿಸಿ. ಟೊಯೋಟಾದ ಹಲವು ಸ್ಮಾರ್ಟ್ ಕೀಗಳಲ್ಲಿ ಲಾಕ್ ಗುಂಡಿಯನ್ನು ಒತ್ತಿ ಹಿಡಿದು ಅನ್‌ಲಾಕ್ ಗುಂಡಿಯನ್ನು ಎರಡು ಸಲ ಒತ್ತಿದರೆ ದೀಪ ನಾಲ್ಕು ಸಲ ಮಿನುಗಿ ಕೀ ನಿದ್ರೆಗೆ ಜಾರುತ್ತದೆ, ಸೆಲ್ಲೂ ಉಳಿಯುತ್ತದೆ. ಇತ್ತೀಚಿನ ಕೆಲವು ಕೀಗಳು ಅಲುಗಾಡದೆ ಸ್ವಲ್ಪ ಹೊತ್ತು ಬಿದ್ದಿದ್ದರೆ ತಾವಾಗಿಯೇ ಮಲಗುತ್ತವೆ. ಅಲೆಗಳನ್ನು ತಡೆಯುವ ಚೀಲ ಕೊಂಡರೆ ಅದರ ಮೇಲೆ ಬರೆದಿರುವುದನ್ನು ನಂಬಬೇಡಿ. ಕೀಯನ್ನು ಅದರೊಳಗಿಟ್ಟು ಬಾಗಿಲ ಪಕ್ಕದಲ್ಲೇ ನಿಂತು ಹಿಡಿಕೆ ಎಳೆದು ನೋಡಿ, ಮತ್ತು ಮಡಿಕೆಗಳು ಸವೆಯುವುದರಿಂದ ಆಗಾಗ ಹಾಗೆ ಪರೀಕ್ಷಿಸುತ್ತಿರಿ. ಕಾರಿನ ಒಳಗಿನ ತಂತಿಜಾಲಕ್ಕೇ ಉಪಕರಣ ಜೋಡಿಸಿ ಕದಿಯುವವರೂ ಇದ್ದಾರೆ, ಅವರ ಮುಂದೆ ಕೀಯ ಈ ಯಾವ ಉಪಾಯವೂ ನಡೆಯದು. ಆದ್ದರಿಂದ ಸ್ಟೀರಿಂಗ್‌ಗೆ ಹಾಕುವ ಹಳೆಯ ಕಬ್ಬಿಣದ ಬೀಗವನ್ನು ನಾನು ಇಂದಿಗೂ ಬಿಟ್ಟಿಲ್ಲ.

ಹೊಸ ಕಾರುಗಳಲ್ಲಿ ಬರುತ್ತಿರುವ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೋ ತಂತ್ರ ಈ ದೌರ್ಬಲ್ಯವನ್ನೇ ಗುರಿಯಾಗಿಸಿಕೊಂಡಿದೆ. ಕಾರು ಮತ್ತು ಫೋನ್ ತಯಾರಕರ ಕೂಟವಾದ ಕಾರ್ ಕನೆಕ್ಟಿವಿಟಿ ಕನ್ಸೋರ್ಷಿಯಂ 2021ರಲ್ಲಿ ಪ್ರಕಟಿಸಿದ ಡಿಜಿಟಲ್ ಕೀ 3.0 ಮಾನದಂಡದಲ್ಲಿ ಫೋನ್ ಕೀಯಾಗುತ್ತದೆ, ಮತ್ತು ಸಂಕೇತ ಹೋಗಿ ಬರಲು ಹಿಡಿದ ಸಮಯವನ್ನು ಅಳೆದು ದೂರ ಎಷ್ಟೆಂದು ಕಾರು ಲೆಕ್ಕ ಹಾಕುತ್ತದೆ. ಒಂದು ನ್ಯಾನೊಸೆಕೆಂಡಿನಲ್ಲಿ ರೇಡಿಯೋ ಅಲೆ ಕ್ರಮಿಸುವುದು ಸುಮಾರು 30 ಸೆಂಟಿಮೀಟರ್. ಸಂಕೇತವನ್ನು ಎಷ್ಟೇ ಬಲಪಡಿಸಿದರೂ ಬೆಳಕಿಗಿಂತ ವೇಗವಾಗಿ ಸಾಗಿಸಲಾಗದು, ಹೀಗಾಗಿ ದೂರದ ಕೀಯನ್ನು ಹತ್ತಿರದ್ದೆಂದು ನಂಬಿಸುವುದು ಬಹಳ ಕಷ್ಟ.

ಎರಡನೆಯ ಕೀಯನ್ನು ಖಂಡಿತ ಮಾಡಿಸಿ, ಅದೂ ಇರುವ ಕೀ ಕೆಲಸ ಮಾಡುತ್ತಿರುವಾಗಲೇ. ಒಂದು ಕೀಯಾದರೂ ಇದ್ದರೆ ಹೊಸದನ್ನು ಕಾರಿಗೆ ಪರಿಚಯಿಸುವುದು ಸುಲಭ. ಎಲ್ಲವೂ ಕಳೆದುಹೋದ ಮೇಲೆ ಕಾರನ್ನು ಎಳೆದೊಯ್ಯಬೇಕಾಗಬಹುದು, ಕೆಲವು ಮಾದರಿಗಳಲ್ಲಿ ಇಮ್ಮೊಬಿಲೈಸರ್ ಘಟಕವನ್ನೇ ಬಿಚ್ಚಬೇಕಾಗಬಹುದು. ಬೇರೆ ಕಾರಿನಿಂದ ತೆಗೆದ ಹಳೆಯ ಕೀಯನ್ನು ಅಗ್ಗವೆಂದು ಕೊಳ್ಳಬೇಡಿ, ಅನೇಕ ಚಿಪ್‌ಗಳು ಒಮ್ಮೆ ಒಂದು ಕಾರಿಗೆ ಸೇರಿದರೆ ಇನ್ನೊಂದಕ್ಕೆ ಸೇರುವುದಿಲ್ಲ. ಹೊಸ ಕೀ ಮಾಡಿಸುವಾಗ ಕಾರಿನಲ್ಲಿ ಒಟ್ಟು ಎಷ್ಟು ಕೀಗಳು ನೋಂದಣಿಯಾಗಿವೆ ಎಂಬುದನ್ನು ಪರದೆಯ ಮೇಲೆ ತೋರಿಸಲು ಹೇಳಿ, ನಿಮ್ಮ ಕೈಯಲ್ಲಿಲ್ಲದವನ್ನು ಅಳಿಸಿಹಾಕಿಸಿ. ಹಿಂದಿನ ಮಾಲೀಕರ ಫೋನಿನ ಆ್ಯಪ್‌ನಲ್ಲಿ ಈ ಕಾರು ಇನ್ನೂ ಇದ್ದರೆ ಅದನ್ನೂ ತೆಗೆಸಿ. ಹೀಗೆ ಅಳಿಸಿದ ಕೀಯಿಂದ ಇಂಜಿನ್ ಚಾಲೂ ಆಗದು, ಆದರೆ ಅದರೊಳಗಿನ ಲೋಹದ ಕೀ ಮಾತ್ರ ಬಾಗಿಲನ್ನು ತೆರೆಯುತ್ತಲೇ ಇರುತ್ತದೆ. ಆ ಚಿಂತೆಯೂ ಇದ್ದರೆ ಬಾಗಿಲಿನ ಬೀಗವನ್ನೇ ಬದಲಾಯಿಸಬೇಕಾಗುತ್ತದೆ.