ದಿನಾ ಲೋಕಲ್ ರೈಲು ಹಿಡಿಯುವವರಿಗೆ ಯೋಗಸೂತ್ರ ಉಪಯೋಗಕ್ಕೆ ಬರುತ್ತಾ?

ನೀವು ಕೇಳಿದ್ದು ಇಷ್ಟು: ಯೋಗಸೂತ್ರದಲ್ಲಿ ಯಮ, ನಿಯಮ, ಸಂತೋಷ, ವೈರಾಗ್ಯ ಅಂತೆಲ್ಲ ಓದಿದ್ದೇನೆ, ಸಂಸ್ಕೃತ ಬರೋದಿಲ್ಲ, ಬೆಳಗಾದರೆ ಕೆಲಸಕ್ಕೆ ಓಡುವ ನನ್ನಂಥವರು ಇದನ್ನು ಬದುಕಿನಲ್ಲಿ ತರೋದು ಹೇಗೆ?

ನನ್ನ ಸಂಸ್ಕೃತವೂ ಅಷ್ಟಕ್ಕಷ್ಟೇ. ಹೈಸ್ಕೂಲಿನಲ್ಲಿ ಮಾರ್ಕ್ಸ್ ಬರುತ್ತೆ ಅಂತ ತಗೊಂಡಿದ್ದೆ, ಉತ್ತರವನ್ನು ಕನ್ನಡದಲ್ಲೇ ಬರೆದು ಪಾಸಾದೆ. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು 19 ವರ್ಷ ಆಯಿತು. ಮುಂಬೈನ ಫೋರ್ಟ್‌ನಲ್ಲಿ ಒಂದು ಆಫೀಸಿನ ಅಕೌಂಟ್ಸ್ ನೋಡುತ್ತೇನೆ. ಕನ್ನಡ ಅರ್ಥ ಇರುವ ಒಂದು ಯೋಗಸೂತ್ರದ ಪುಸ್ತಕ ಬ್ಯಾಗಿನಲ್ಲಿ ಇರುತ್ತೆ, ಅಷ್ಟೇ ನನ್ನ ಓದು.

ಸಂಸ್ಕೃತ ಬರದಿದ್ದರೆ ಏನೂ ತೊಂದರೆ ಇಲ್ಲ. ಕನ್ನಡ ಬರುತ್ತಲ್ಲ, ತೊಂದರೆ ಅಲ್ಲಿದೆ! ಈ ಪದಗಳೆಲ್ಲ ನಮ್ಮ ಬಾಯಲ್ಲೇ ಇವೆ, ಅರ್ಥ ಮಾತ್ರ ಜರುಗಿಬಿಟ್ಟಿದೆ. ವೃತ್ತಿ ಅಂದರೆ ನಮಗೆ ಹೊಟ್ಟೆಪಾಡಿನ ಕೆಲಸ, ಯೋಗಸೂತ್ರ ಬರೆದ ಪತಂಜಲಿಗೆ ಮನಸ್ಸಿನಲ್ಲಿ ಏಳುವ ಅಲೆ. ಗೊತ್ತಿರುವ ಪದ ಅಂತ ಸುಮ್ನೆ ಓದಿಕೊಂಡು ಹೋದರೆ ಏನೂ ಹತ್ತೋದಿಲ್ಲ.

ರಾಗವನ್ನೇ ನೋಡಿ. ಇಲ್ಲಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಕಾಕು 'ರಾಗ್ ಆಲಾ ಕಾ?' ಅಂದಾಗ, ಯಾವ ಹಾಡಿನ ವಿಷಯ ಅಂತ ನಾನು ಕಣ್ಣು ಕಣ್ಣು ಬಿಟ್ಟಿದ್ದೆ. ಮರಾಠಿಯಲ್ಲಿ ರಾಗ ಅಂದರೆ ಸಿಟ್ಟು. ನಮಗೆ ರಾಗ ಅಂದರೆ ಯಮನ್, ಭೈರವಿ. ಯೋಗಸೂತ್ರದಲ್ಲಿ ಇವೆರಡೂ ಅಲ್ಲ. 'ಸುಖಾನುಶಯೀ ರಾಗಃ' (2.7, ಅಂದರೆ ಎರಡನೇ ಅಧ್ಯಾಯದ ಏಳನೇ ಸೂತ್ರ), ಒಮ್ಮೆ ಸಿಕ್ಕ ಸುಖದ ಹಿಂದೆಯೇ ಬರುವ ಅಂಟು. ಮೂಲ ಧಾತು 'ರಂಜ್', ಅಂದರೆ ಬಣ್ಣ ಹತ್ತೋದು. ಒಗೆದರೂ ಹೋಗದ ಬಣ್ಣ ಅಂತ ನಾನು ಇಟ್ಟುಕೊಂಡಿದ್ದೇನೆ.

ಇದು ನನಗೆ ಅರ್ಥ ಆಗಿದ್ದು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ. ಇಲ್ಲಿ ಕೂತವರನ್ನು 'ಕುಠೆ ಉತರಣಾರ್?' ಅಂತ, ಅಂದರೆ ಎಲ್ಲಿ ಇಳೀತೀರಿ ಅಂತ, ಕೇಳಿ ಸೀಟು ಹೇಳಿಟ್ಟುಕೊಳ್ಳಬೇಕು. ಒಂದು ಸಲ ಘಾಟ್‌ಕೋಪರ್‌ನಲ್ಲಿ ಇಳಿಯುವ ಒಬ್ಬರ ಕಿಟಕಿ ಸೀಟು ನನಗೆ ಸೋಮವಾರದಿಂದ ಶನಿವಾರದ ತನಕ ಸಾಲಾಗಿ ಆರು ದಿನ ಸಿಕ್ಕಿತು. ಮುಂದಿನ ಸೋಮವಾರ ಯಾರೋ ಹುಡುಗಿ ನನಗಿಂತ ಮೊದಲೇ ಕೇಳಿಬಿಟ್ಟಿದ್ದಳು. ದಾದರ್ ಬರುವ ತನಕ ಆ ಮಗುವನ್ನು ಮನಸ್ಸಿನಲ್ಲೇ ಬೈದೆ. ವರ್ಷಗಟ್ಟಲೆ ನಿಂತುಕೊಂಡೇ ಹೋದವಳು ನಾನು, ಆಗ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ. ಆರು ದಿನ ಕೂತಿದ್ದಕ್ಕೆ ಇಷ್ಟು! ಪತಂಜಲಿಯ ರಾಗ ಮರಾಠಿಯ ರಾಗ ಆಗೋಕೆ ಒಂದು ಸೀಟು ಸಾಕು.

ನಿಮಗೆ ಒಂದೇ ಸೂತ್ರ ಹಿಡಿಯಿರಿ ಅಂದರೆ 1.33 ಹೇಳ್ತೀನಿ. ನಾಲ್ಕು ತರಹದ ಜನರ ಜೊತೆ ನಾಲ್ಕು ತರಹ ಇರಿ, ಮನಸ್ಸು ತಿಳಿಯಾಗುತ್ತೆ ಅನ್ನುತ್ತೆ ಅದು. ಸುಖವಾಗಿ ಇರುವವರ ಜೊತೆ ಮೈತ್ರಿ, ಕಷ್ಟದಲ್ಲಿ ಇರುವವರ ಮೇಲೆ ಕರುಣೆ, ಒಳ್ಳೆಯದು ಮಾಡುವವರನ್ನು ಕಂಡು ಮುದಿತಾ ಅಂದರೆ ಹಿಗ್ಗು, ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ. ಈ ಉಪೇಕ್ಷೆಯೂ ನಮ್ಮ ಕನ್ನಡದ ಅಸಡ್ಡೆ ಅಲ್ಲ. ಅವರನ್ನು ತಲೆಯಲ್ಲಿ ಹೊತ್ತುಕೊಂಡು ಮನೆಗೆ ಬರಬೇಡಿ ಅಂತ. ಫೋನಿನಲ್ಲಿ ಜೋರಾಗಿ ರೀಲ್ಸ್ ಹಾಕುವವರಿಗೆ ಒಂದು ಸಲ ಹೇಳ್ತೀನಿ, ಕೇಳದಿದ್ದರೆ ಬಿಟ್ಟೆ.

ಆದರೆ ಮೊದಲನೆಯದನ್ನು ಮತ್ತೆ ಓದಿ. ಮೈತ್ರಿ ಯಾರ ಜೊತೆ? ಸುಖವಾಗಿ ಇರುವವರ ಜೊತೆ. ಕಷ್ಟದಲ್ಲಿ ಇರುವವರಿಗೆ ಸ್ನೇಹ ತೋರಿಸೋದು ಸುಲಭ ಕಣ್ರೀ, ನಮಗೂ ಸ್ವಲ್ಪ ದೊಡ್ಡಸ್ತಿಕೆ ಸಿಗುತ್ತೆ. ನನ್ನ ಓರಗಿತ್ತಿ ಥಾಣೆಯಲ್ಲಿ ಎರಡು ಬೆಡ್‌ರೂಮಿನ ಮನೆ ತಗೊಂಡಾಗ ಗೃಹಪ್ರವೇಶಕ್ಕೆ ಹೋಗಿ ನಾನು ಹೇಳಿದ ಮೊದಲ ಮಾತು, 'ಎದುರು ಬಿಲ್ಡಿಂಗು ಬಹಳ ಹತ್ತಿರ ಅಲ್ವಾ?' ಅವಳ ಮುಖ ಸಪ್ಪೆ ಆಯಿತು. ನನಗೆ, ನಿಜ ಹೇಳಬೇಕಂದರೆ, ಒಂದು ಕ್ಷಣ ಹಾಯೆನಿಸಿತು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಹೊಟ್ಟೆಕಿಚ್ಚಿನಿಂದ ಅವಳ ಮನೆಗೆ ಏನೂ ಆಗೋದಿಲ್ಲ, ಉರಿಯೋದು ನಮ್ಮ ಹೊಟ್ಟೆ. ಮಾರನೇ ಭಾನುವಾರ ಹೋಗಿ ಅಡುಗೆಮನೆಯ ಡಬ್ಬ ಎಲ್ಲ ಜೋಡಿಸಿಕೊಟ್ಟೆ. ಶುರುವಿನಲ್ಲಿ ನಾಟಕದ ಹಾಗೆಯೇ ಇತ್ತು. ಮೂರನೇ ಕಪಾಟಿಗೆ ಬರುವ ಹೊತ್ತಿಗೆ ಇಬ್ಬರೂ ಅತ್ತೆಯವರ ಸುದ್ದಿ ಹೇಳಿಕೊಂಡು ನಗುತ್ತಿದ್ದೆವು. ಸೂತ್ರದಲ್ಲಿ 'ಭಾವನಾತಃ' ಅಂತ ಒಂದು ಪದ ಇದೆ, ಮನಸ್ಸಿನಲ್ಲಿ ಮತ್ತೆ ಮತ್ತೆ ತಂದುಕೊಂಡು ಬೆಳೆಸೋದರಿಂದ ಅಂತ. ತಾನಾಗೇ ಬರುತ್ತೆ ಅಂತ ಪತಂಜಲಿ ಎಲ್ಲೂ ಹೇಳಿಲ್ಲ.

ಸಂತೋಷದ ಬಗ್ಗೆ ಒಂದು ಎಚ್ಚರಿಕೆ. ನಮಗೆ ಸಂತೋಷ ಅಂದರೆ ಖುಷಿ. ಅಲ್ಲಿ ಅದಕ್ಕೆ 'ಸಾಕು' ಅನ್ನುವ ಅರ್ಥ. 2.42ರಲ್ಲಿ ಸಂತೋಷದಿಂದ ಸುಖ ಸಿಗುತ್ತೆ ಅಂತಲೇ ಇದೆ, ಅಂದರೆ ಎರಡೂ ಬೇರೆ ಬೇರೆ. ಆದರೆ ಈ 'ಸಾಕು' ನಮಗೆ ನಾವೇ ಹೇಳಿಕೊಳ್ಳುವಂಥದ್ದು. ಸಂಬಳ ಏರಿಸದ ಸಾಹೇಬರು, ಸೊಸೆಯನ್ನು ದುಡಿಸುವ ಮನೆಯವರು, 'ಇದ್ದುದರಲ್ಲಿ ಸಂತೋಷವಾಗಿರಬೇಕಮ್ಮ' ಅಂದರೆ ಅದು ಯೋಗ ಅಲ್ಲ. ನಾನು ಹೋದ ವರ್ಷ ಇನ್‌ಕ್ರಿಮೆಂಟ್ ಕೇಳಿಯೇ ತಗೊಂಡೆ.

ವೈರಾಗ್ಯ ಅಂತ ಹೆದರಬೇಡಿ, ಆ ರಾಗದ ಅಂಟು ಬಿಡೋದು ಅಷ್ಟೇ, ಯಾರೂ ಕಾವಿ ಉಡಿ ಅನ್ನೋದಿಲ್ಲ. ಸಾಂತಾಕ್ರೂಜ್‌ನ ಯೋಗ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1918ರಲ್ಲಿ, ಅದನ್ನು ಕಟ್ಟಿದ ಶ್ರೀ ಯೋಗೇಂದ್ರರು ಹೆಂಡತಿ ಮಕ್ಕಳು ಇದ್ದ ಸಂಸಾರಸ್ಥರೇ.

ಆಸನ ಬಿಡಬೇಕಾ ಅಂದರೆ, ಬೇಡ. ನಿಜ, 195 ಚಿಲ್ಲರೆ ಸೂತ್ರಗಳಲ್ಲಿ ಆಸನ ಹೇಗಿರಬೇಕು ಅಂತ ಹೇಳುವವು ಮೂರೇ (2.46ರಿಂದ 48). ಆದರೆ ಕೋಲಾರದ ಬೆಳ್ಳೂರಿನಿಂದ ಹೊರಟು, ಮೈಸೂರಿನಲ್ಲಿ ಕಲಿತು, 1937ರಲ್ಲಿ ಪುಣೆಗೆ ಬಂದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಯಮ, ನಿಯಮದಿಂದ ಹಿಡಿದು ಯೋಗದ ಎಂಟೂ ಅಂಗಗಳನ್ನು ಒಂದು ಆಸನದ ಒಳಗೇ ಅಭ್ಯಾಸ ಮಾಡಬಹುದು ಅನ್ನುತ್ತಿದ್ದರು. ನನ್ನ ಮಂಡಿ ಆ ಮಾತಿಗೆ ಒಪ್ಪೋದಿಲ್ಲ, ಅದು ಬೇರೆ ವಿಷಯ.

ಅಭ್ಯಾಸ ಅನ್ನೋದೂ ಹಾಗೆಯೇ ಜಾರಿದ ಪದ. 'ಟೀ ಕುಡಿದು ಅಭ್ಯಾಸ ಆಗಿದೆ' ಅಂತೀವಿ ನಾವು. ಇಲ್ಲಿನ ಮಕ್ಕಳಿಗೆ ಅಮ್ಮಂದಿರು 'ಅಭ್ಯಾಸ್ ಕರ್' ಅಂದರೆ ಓದ್ಕೋ ಅಂತ. ಸೂತ್ರ (1.14) ಮೂರು ಷರತ್ತು ಹಾಕುತ್ತೆ: ಬಹಳ ಕಾಲ, ನಡುವೆ ಬಿಡದೆ, ಆದರದಿಂದ. ಬಿಡದೆ ಅನ್ನೋದು ನನಗೆ ಕಷ್ಟ ಆಗುತ್ತಿತ್ತು. ಅದಕ್ಕೆ ಜಾಗ ಗೊತ್ತು ಮಾಡಿಕೊಂಡೆ. ಡೊಂಬಿವಲಿ ಬಿಟ್ಟು ಥಾಣೆ ಬರುವ ತನಕ ಫೋನ್ ತೆಗೆಯೋದಿಲ್ಲ. ನಿನ್ನೆ ಯಾರನ್ನು ತಲೆಯಲ್ಲಿ ಹೊತ್ತುಕೊಂಡು ಮನೆಗೆ ಹೋದೆ ಅಂತ ನೆನೆಸಿಕೊಳ್ತೀನಿ, 1.33ರ ಆ ನಾಲ್ಕು ತರಹದ ಜನರಲ್ಲಿ ಅವರು ಎಲ್ಲಿ ಬರುತ್ತಾರೆ ಅಂತ ನೋಡ್ತೀನಿ. ನೀವೂ ದಿನಾ ತಪ್ಪದೆ ದಾಟುವ ಒಂದು ದಾರಿ ಹುಡುಕಿಕೊಳ್ಳಿ. ಬೆಳಿಗ್ಗೆ ಐದಕ್ಕೆ ಏಳ್ತೀನಿ ಅಂತ ಶಪಥ ಮಾಡಿದರೆ ಎರಡನೇ ವಾರಕ್ಕೆ ಮುಗೀತು.

ನಾಲ್ಕು ವರ್ಷದಿಂದ ಹೀಗೆ ಮಾಡ್ತಾ ಇದ್ದೀನಿ. ಗಣಪತಿ ಹಬ್ಬಕ್ಕೆ ಈಗ ಓರಗಿತ್ತಿಯ ಮನೆಯಲ್ಲೇ ಎಲ್ಲರೂ ಸೇರೋದು. ಮೊನ್ನೆ ಅವಳು ಫೋನ್ ಮಾಡಿ ಕಾರು ಬುಕ್ ಮಾಡಿದ್ದೀವಿ ಅಂದಳು. 'ಪಾರ್ಕಿಂಗಿಗೆ ಜಾಗ ಎಲ್ಲಿದೆ?' ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಯಾವ ಬಣ್ಣ ಅಂತ ಕೇಳಿದೆ.